ಬೀಗಗಳ ಕೋಣೆಯ ನಲವತ್ತು ಸೆಕೆಂಡು

ತರಬೇತಿ ವಿಡಿಯೊ ಮಾಡುವುದು ನನ್ನ ಹೊಟ್ಟೆಪಾಡು. ಬ್ಯಾಂಕಿನ ಗುಮಾಸ್ತರಿಗೆ, ಆಸ್ಪತ್ರೆಯ ಸ್ವಾಗತ ಮೇಜಿನವರಿಗೆ, ಲಿಫ್ಟ್ ರಿಪೇರಿಯವರಿಗೆ, ಹೀಗೆ ಯಾರಿಗೆ ಏನು ಕಲಿಸಬೇಕೋ ಅದನ್ನು ಐದೈದು ನಿಮಿಷದ ತುಣುಕುಗಳಾಗಿ ಕತ್ತರಿಸಿ ಕೊಡುತ್ತೇನೆ. ಹಿನ್ನೆಲೆಯ ಧ್ವನಿಯೂ ನನ್ನದೇ. 'ಹೀಗೆ ಮಾಡಿ, ಹೀಗೆ ಮಾಡಬೇಡಿ' ಎಂದು ಕಾಣದ ಜನರಿಗೆ ಹೇಳಿ ಹೇಳಿ, ಬದುಕಿನಲ್ಲೂ ನನಗೆ ಅದೇ ಧ್ವನಿ ಬಂದುಬಿಟ್ಟಿದೆ ಎಂದು ಅಕ್ಕ ಆಗಾಗ ರೇಗಿಸುತ್ತಿದ್ದಳು.

ವಸ್ತುಸಂಗ್ರಹಾಲಯದ ಕೆಲಸ ನಮ್ಮ ಕಂಪನಿಗೆ ಸಿಕ್ಕಿದಾಗ ಮೊದಲು ಫೋನ್ ಮಾಡಿದ್ದೂ ಅವಳಿಗೇ. ಅಲ್ಲಿ ಹೊಸ ಯಂತ್ರಗಳನ್ನು ತರಿಸಿದ್ದರು. ಟಿಕೆಟ್ಟನ್ನು ತಾನೇ ಓದಿ ಬಾಗಿಲು ಬಿಡುವ ಗೇಟು, ಮುಟ್ಟಿದರೆ ನಕ್ಷೆ ತೋರಿಸುವ ಪರದೆ, ಎಲ್ಲಕ್ಕಿಂತ ಮುಖ್ಯವಾಗಿ ಕಿವಿಗೆ ಹಿಡಿದರೆ ಎದುರಿನ ವಸ್ತುವಿನ ಕಥೆ ಹೇಳುವ ಕೈಯಂತ್ರ. ಸಿಬ್ಬಂದಿ ಅದಕ್ಕೆ ಆಗಲೇ 'ಗಿಳಿ' ಎಂದು ಹೆಸರಿಟ್ಟಿದ್ದರು. ಬಂದವರಿಗೆ ಇವನ್ನೆಲ್ಲ ಬಳಸಲು ನೆರವಾಗುವುದು ಹೇಗೆ ಎಂದು ಸಿಬ್ಬಂದಿಗೆ ಕಲಿಸುವ ಏಳು ವಿಡಿಯೊ ಬೇಕಿತ್ತು.

"ಅಯ್ಯೋ, ನಿಮ್ಮ ಭಾವ ಇರೋ ಜಾಗಾನೇ ಅಲ್ವೇನೋ!" ಎಂದು ಅಕ್ಕ ಫೋನಿನಲ್ಲೇ ಕುಣಿದಳು.

ಭಾವ ಎಂದರೆ ನನಗೆ ಬರಿಯ ಅಕ್ಕನ ಗಂಡನಲ್ಲ. ಅಪ್ಪ ಅಮ್ಮ ಇಬ್ಬರೂ ಹೋದಾಗ ನನಗೆ ಒಂಬತ್ತು ವರ್ಷ. ಅಕ್ಕ ಮದುವೆಯಾಗಿ ಹೊರಟಾಗ ನನ್ನ ಕೈಯನ್ನೂ ಹಿಡಿದುಕೊಂಡೇ ಹೋದಳು. "ಒಂದು ತಗೊಂಡ್ರೆ ಒಂದು ಉಚಿತ ಅಂದ್ರು, ಒಪ್ಪಿಕೊಂಡೆ" ಎಂದು ಭಾವ ನೆಂಟರ ಮುಂದೆ ನನ್ನನ್ನು ತೋರಿಸಿ ನಗಿಸುತ್ತಿದ್ದರು. ಬಸ್ ನಿಲ್ದಾಣದ ಪಕ್ಕದಲ್ಲಿ ಅವರದೊಂದು ಬೀಗ ರಿಪೇರಿಯ ಗೂಡಂಗಡಿ. ಶಾಲೆ ಬಿಟ್ಟ ಮೇಲೆ ಅದರ ಹಿಂದಿನ ಸ್ಟೂಲಿನ ಮೇಲೆ ಕೂತು ನಾನು ಮಗ್ಗಿ ಬಾಯಿಪಾಠ ಮಾಡಿದ್ದು. ನಂಬರ್ ಒತ್ತುವ ಬೀಗಗಳು ಬಂದು ಅಂಗಡಿ ಮುಚ್ಚಿತು. ಅದೇ ಹೊತ್ತಿಗೆ ವಸ್ತುಸಂಗ್ರಹಾಲಯಕ್ಕೆ ಯಾರೋ ಇನ್ನೂರು ಹಳೆಯ ಬೀಗಗಳನ್ನು ದಾನ ಕೊಟ್ಟಿದ್ದರು. ಅರ್ಧಕ್ಕರ್ಧ ತುಕ್ಕು ಹಿಡಿದು ಕಚ್ಚಿಕೊಂಡಿದ್ದವು. ತೆಗೆಯಲು ಭಾವನನ್ನು ಕರೆಸಿದರು, ತೆಗೆದ ಮೇಲೆ ಆ ಕೋಣೆ ಕಾಯುವ ಕೆಲಸಕ್ಕೇ ಇಟ್ಟುಕೊಂಡರು. ಹದಿನಾಲ್ಕು ವರ್ಷದಿಂದ ಅಲ್ಲಿ ಎಲ್ಲರಿಗೂ ಅವರು 'ಬೀಗದಣ್ಣ'.

ಮೊದಲ ದಿನ ಉಪನಿರ್ದೇಶಕಿ ಮೇಡಂ ನನಗೆ ಕಟ್ಟಡ ತೋರಿಸಲು ಬಂದರು. ಚುರುಕು ಮಾತಿನ, ಚುರುಕು ನಡಿಗೆಯ ಹೆಂಗಸು. ಅವರಿಗೆ ನಾನು ಹಿಡಿಸಬೇಕೆಂಬ ಆಸೆ ನನಗೆ. ಕುಂಬಾರಿಕೆಯ ಕೋಣೆ ದಾಟುವಾಗ ಅವರು, "ನಮ್ಮ ಹಳೇ ಸ್ಟಾಫಿಗೆ ಕಲಿಸೋದು ಅಂದ್ರೆ ಕಲ್ಲಿಗೆ ನೀರು ಹಾಕಿದ ಹಾಗೆ. ಕೈಪಿಡಿ ಕೊಟ್ಟೆವು, ಅದರ ಮೇಲೆ ಟೀ ಲೋಟ ಇಡ್ತಾರೆ" ಎಂದರು. ನಾನು ಸುಮ್ಮನಿರಬಹುದಿತ್ತು.

"ಬಿಡಿ ಮೇಡಂ, ಕುರ್ಚಿ ಮೇಲೆ ಕೂತು ತೂಕಡಿಸೋಕೆ ಸಂಬಳ ತಗೊಳ್ಳೋರ ಕೈಗೆ ಯಂತ್ರ ಕೊಟ್ರೆ ಮತ್ತೇನಾಗುತ್ತೆ? ಕೋತಿ ಕೈಗೆ ಮಾಣಿಕ್ಯ" ಎಂದೆ.

ಮೇಡಂ ಜೋರಾಗಿ ನಕ್ಕರು. ಆ ಕಟ್ಟಡದ ಚಾವಣಿ ಎತ್ತರ, ನೆಲ ಬರೀ ಕಲ್ಲು. ಅಲ್ಲಿ ಪಿಸುಮಾತಿಗೂ ಕಾಲು ಬರುತ್ತದೆ. ನಗು ಇನ್ನೂ ಮುಗಿದಿರಲಿಲ್ಲ, ನಾವು ಬೀಗಗಳ ಕೋಣೆಯ ಬಾಗಿಲಲ್ಲಿದ್ದೆವು. ಭಾವ ಕುರ್ಚಿಯಿಂದ ಎದ್ದು ನಿಂತಿದ್ದರು. ಸಮವಸ್ತ್ರಕ್ಕೆ ಗರಿಗರಿ ಇಸ್ತ್ರಿ. ಮುಖದಲ್ಲಿ, ನಾನು ಶಾಲೆಯಲ್ಲಿ ಬಹುಮಾನ ತಗೊಂಡ ದಿನ ಕಂಡಿದ್ದಂಥ ನಗು. ನನ್ನ ಹೆಸರು ಅವರ ತುಟಿಯವರೆಗೆ ಬಂದಿತ್ತು.

ನಾನು ಅವರನ್ನು ನೋಡಿದೆ. ಮೇಡಂ ಕಡೆ ನೋಡಿದೆ. ಆಮೇಲೆ ಗೋಡೆಗೆ ಹೊಡೆದಿದ್ದ ಒಂದು ದೊಡ್ಡ ಬೀಗವನ್ನು ನೋಡತೊಡಗಿದೆ.

"ಬನ್ನಿ ಸಾರ್" ಎಂದರು ಭಾವ.

ಮೇಡಂ, "ಇವರು ನಿಮಗೆಲ್ಲ ವಿಡಿಯೊ ಮಾಡಿಕೊಡೋರು. ಸಹಕಾರ ಕೊಡಿ" ಎಂದರು. "ಖಂಡಿತ ಮೇಡಂ" ಎಂದ ಭಾವ ನನ್ನ ಕಡೆ ತಿರುಗಲಿಲ್ಲ. ನನಗಾದದ್ದು ಏನೆಂದು ಮುಚ್ಚುಮರೆ ಇಲ್ಲದೆ ಹೇಳಿಬಿಡುತ್ತೇನೆ, ನೆಮ್ಮದಿಯಾಯಿತು. ಎಷ್ಟು ಜಾಣರು ಭಾವ, ಕಣ್ಣಲ್ಲೇ ಅರ್ಥಮಾಡಿಕೊಂಡರಲ್ಲ ಎಂದು ಒಳಗೊಳಗೇ ಮೆಚ್ಚಿಕೊಂಡೆ. ಸಂಜೆ ಅಕ್ಕ ಫೋನ್ ಮಾಡಿ, "ನಿಮ್ಮ ಭಾವನ ಜೊತೆ ಚೆನ್ನಾಗಿ ಮಾತಾಡಿದೆಯಂತೆ, ಅವರ ಕೋಣೆಯೆಲ್ಲ ನೋಡಿದೆಯಂತೆ. ಭಾರಿ ಖುಷಿಯಾಗಿದಾರೆ" ಎಂದಾಗ, "ಹೂಂ ಅಕ್ಕ" ಎಂದೆ. ಆ ಭಾನುವಾರ ಅವರ ಮನೆಗೆ ಊಟಕ್ಕೆ ಹೋಗಲಿಲ್ಲ. ಕೆಲಸದ ನೆಪ ಹೇಳಿದೆ. ಅದರ ಮುಂದಿನ ಭಾನುವಾರಕ್ಕೂ ಒಂದು ನೆಪ ಸಿಕ್ಕಿತು.

ನನ್ನ ವಿಡಿಯೊಗಳಿಗೆ ಒಂದು ಅಚ್ಚಿದೆ. ಮೊದಲು ತಪ್ಪು, ಆಮೇಲೆ ಸರಿ. ತಪ್ಪು ತೋರಿಸುವ ಭಾಗ ನಗು ತರಿಸುವಂತಿದ್ದರೆ ಜನ ಎಚ್ಚರವಾಗಿ ಕೂರುತ್ತಾರೆ. ನಟರನ್ನು ಹಾಕಿದರೆ ಸುಳ್ಳು ಎದ್ದು ಕಾಣುತ್ತದೆ. ಹಾಗಾಗಿ ಎರಡು ದಿನ ಎಲ್ಲ ಕೋಣೆಗಳಲ್ಲೂ ಸಹಜವಾಗಿ ನಡೆಯುವುದನ್ನೇ ಚಿತ್ರೀಕರಿಸುವುದೆಂದಾಯಿತು. ಕ್ಯಾಮೆರಾದವನು ನನ್ನ ಹಳೆಯ ಸಂಗಾತಿ. ಬೀಗಗಳ ಕೋಣೆಗೆ ಅವನೊಬ್ಬನನ್ನೇ ಕಳಿಸಿ ನಾನು ಟಿಕೆಟ್ ಗೇಟಿನ ಹತ್ತಿರ ಉಳಿದೆ.

ಎಡಿಟಿಂಗ್ ಮೇಜಿನಲ್ಲಿ ಅವನು ಒಂದು ತುಣುಕು ಹಾಕಿ, "ಇದು ನೋಡು, ಚಿನ್ನ!" ಎಂದ.

ಊರುಗೋಲು ಹಿಡಿದ ಒಬ್ಬ ಅಜ್ಜಿ ಗಿಳಿಯನ್ನು ಭಾವನ ಕೈಗೆ ಕೊಡುತ್ತಾಳೆ. ಮಾತೇ ಆಡುತ್ತಿಲ್ಲ ಎನ್ನುತ್ತಾಳೆ. ಭಾವ ಅದನ್ನು ತಿರುಗಿಸುತ್ತಾರೆ, ಮಗುಚುತ್ತಾರೆ, ಕಿವಿಗೆ ಹಿಡಿಯುತ್ತಾರೆ, ಹೆಬ್ಬೆರಳಿನಿಂದ ಒತ್ತುತ್ತಾರೆ. ಅದರ ಬುಡಕ್ಕೆ ಬಾಯಿಟ್ಟು ಕೊಳಲಿನ ಹಾಗೆ ಊದುತ್ತಾರೆ. ಮತ್ತೆ ಕಿವಿಗೆ ಹಿಡಿದು, ಬಹಳ ಗಂಭೀರವಾಗಿ, "ಸ್ವಲ್ಪ ತಡೀರಿ ತಾಯಿ, ಈ ಗಿಳಿ ಇನ್ನೂ ಎದ್ದಿಲ್ಲ ಅನ್ಸುತ್ತೆ" ಎನ್ನುತ್ತಾರೆ.

ಕ್ಯಾಮೆರಾದವನು ಕುರ್ಚಿಯಿಂದ ಬೀಳುವಷ್ಟು ನಕ್ಕ. "ಯಾರಪ್ಪಾ ಈ ಪುಣ್ಯಾತ್ಮ? ನಿನಗೆ ಗೊತ್ತಾ?"

"ಇಲ್ಲ. ಯಾರೋ ಅಟೆಂಡರ್" ಎಂದೆ.

ಆ ಮಾತು ಅಷ್ಟು ಸಲೀಸಾಗಿ ಬಂದದ್ದು ಹೇಗೆಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆ ಕ್ಷಣದಲ್ಲಿ ತುಣುಕನ್ನು ಬೇಡ ಎಂದಿದ್ದರೆ ಯಾಕೆ ಎಂದು ಅವನು ಕೇಳುತ್ತಿದ್ದ. ಉತ್ತರ ಹೇಳಬೇಕಾಗುತ್ತಿತ್ತು. ಅದರ ಬದಲು ನಲವತ್ತು ಸೆಕೆಂಡು ಕತ್ತರಿಸಿಕೊಂಡೆ. ಮುಖ ಕಾಣದಂತೆ ಚೌಕಟ್ಟನ್ನು ಕೆಳಗಿಳಿಸಿದೆ, ತುಟಿಯಿಂದ ಕೆಳಗೆ, ಊದುವ ಬಾಯಿ, ಕೈ ಮತ್ತು ಧ್ವನಿ ಮಾತ್ರ. ಮೇಲೊಂದು ಕೆಂಪು ಗುಣಾಕಾರದ ಗುರುತು. ನನ್ನ ಧ್ವನಿಯಲ್ಲಿ: 'ಹೀಗೆ ಮಾಡಬೇಡಿ. ಯಂತ್ರದ ಜೊತೆ ಗುದ್ದಾಡಬೇಡಿ. ಪರದೆಯ ಮೇಲಿನ ಸೂಚನೆ ಓದಿ.' ಮುಖ ಇಲ್ಲವಲ್ಲ, ಯಾರಿಗೆ ತಿಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ವಾರದ ರಜೆಯ ದಿನ ಬೆಳಿಗ್ಗೆ ಉಪನ್ಯಾಸದ ಹಾಲಿನಲ್ಲಿ ಸಿಬ್ಬಂದಿಯೆಲ್ಲ ಸೇರಿದರು. ಮೂವತ್ತು ಮೂವತ್ತೈದು ಜನ. ಭಾವ ಎರಡನೇ ಸಾಲಿನ ಅಂಚಿನಲ್ಲಿ ಕೂತಿದ್ದರು. ಮೊದಲೆರಡು ವಿಡಿಯೊಗಳಿಗೆ ಜನ ಆಕಳಿಸಿದರು. ಮೂರನೆಯದು ಬಂತು. ಪರದೆಯ ಮೇಲೆ ಎರಡು ಕೈಗಳು. ಎಡಗೈ ತೋರುಬೆರಳಿನ ಉಗುರು ಅರ್ಧ ಇಲ್ಲ, ಕೀಲಿ ಉಜ್ಜುವ ಅರ ತಗುಲಿ ಹೋದದ್ದು, ನಾನು ಏಳನೇ ತರಗತಿಯಲ್ಲಿದ್ದಾಗ. ಕೈ ಕಂಡದ್ದೇ ತಡ, ಬ್ಯಾಗು ಇಡುವ ಕೌಂಟರಿನ ಹೆಂಗಸು, "ಏ, ನಮ್ಮ ಬೀಗದಣ್ಣ!" ಎಂದು ಕೂಗಿದಳು. ಊದುವಾಗ ಇಡೀ ಹಾಲೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. 'ಇನ್ನೂ ಎದ್ದಿಲ್ಲ' ಎನ್ನುವ ಹೊತ್ತಿಗೆ ಒಬ್ಬ ಕಾವಲುಗಾರ ಬೆಂಚು ಬಡಿಯುತ್ತಿದ್ದ. ಮೇಡಂ ಕಣ್ಣೊರೆಸಿಕೊಂಡರು.

ಭಾವನೂ ನಕ್ಕರು. ಎಲ್ಲರೂ ತಿರುಗಿ ನೋಡಿದ ಮೇಲೆ, ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕರು. ನನ್ನ ಧ್ವನಿ 'ಹೀಗೆ ಮಾಡಬೇಡಿ' ಎಂದಾಗ ಪರದೆಯನ್ನೇ ನೋಡುತ್ತಿದ್ದರು. ನಾಲ್ಕನೇ ವಿಡಿಯೊಗೆ ಎದ್ದು ನೀರು ಕುಡಿಯಲು ಹೋದರು. ಮತ್ತೆ ಒಳಗೆ ಬಂದದ್ದನ್ನು ನಾನು ಕಾಣಲಿಲ್ಲ. ಕಾರ್ಯಕ್ರಮ ಭರ್ಜರಿಯಾಯಿತು ಎಂದು ಮೇಡಂ ಕೈ ಕುಲುಕಿದರು.

ಒಂದು ತಿಂಗಳ ನಂತರ, ವಿಡಿಯೊ ಎಷ್ಟು ಉಪಯೋಗವಾಯಿತು ಎಂದು ವಿಚಾರಿಸಲು ಮತ್ತೆ ಹೋಗಬೇಕಾಯಿತು. ಧೈರ್ಯ ತಂದುಕೊಂಡು ಮೊದಲು ಬೀಗಗಳ ಕೋಣೆಗೇ ಹೋದೆ. ಕುರ್ಚಿಯ ಮೇಲೆ ಒಬ್ಬ ಹುಡುಗಿ, ಹೊಸದಾಗಿ ಸೇರಿದವಳು.

"ಇಲ್ಲಿ ಇದ್ದವರು?" ಎಂದೆ.

"ಬೀಗದಣ್ಣನಾ? ಅವರು ಈಗ ಹಿಂದುಗಡೆ ಗೋಡೌನಲ್ಲಿ. ತಾವೇ ಕೇಳಿ ಹಾಕಿಸಿಕೊಂಡ್ರು." ಅವಳು ಸುತ್ತ ನೋಡಿ ದನಿ ತಗ್ಗಿಸಿದಳು. "ಪಾಪ, ಸೇರಿದ ದಿನ ನಮಗೂ ತೋರಿಸಿದ್ರಲ್ಲ, ಆ ಟ್ರೇನಿಂಗ್ ವಿಡಿಯೊ ಮಾಡಿ ಅವರನ್ನ ನಗೆಪಾಟಲು ಮಾಡಿಬಿಟ್ರು. ಆಮೇಲೆ ಅವರು ಎಲ್ಲಿ ಹೋದ್ರೂ 'ಬೀಗದಣ್ಣ, ಗಿಳಿ ಎದ್ದಿದೆಯಾ' ಅಂತ ಕೇಳೋರು. ಒಂದು ವಾರ ಅವರೂ ನಗುನಗುತ್ತಾ ಉತ್ತರ ಕೊಟ್ರು. ಆಮೇಲೆ ಬಂದವರ ಜೊತೆನೂ ಮಾತು ನಿಲ್ಲಿಸಿಬಿಟ್ರು. ಮೊದಲು ಈ ಕೋಣೆಗೆ ಬಂದವರು ಹೊರಡೋಕೇ ಒಪ್ತಿರಲಿಲ್ವಂತೆ, ಅಷ್ಟು ಚೆನ್ನಾಗಿ ಹೇಳೋರಂತೆ." ಮತ್ತೆ ತಾನೇ, "ಅದನ್ನ ಮಾಡಿದವನಿಗೆ ಮನೇಲಿ ದೊಡ್ಡವರು ಅಂತ ಯಾರೂ ಇಲ್ವೇನೋ" ಎಂದಳು.

"ಇದ್ದಾರೆ" ಎಂದೆ. ಬಾಯಿ ತಪ್ಪಿ ಬಂತು.

ಹುಡುಗಿ ನನ್ನ ಮುಖ ನೋಡಿದಳು. "ನಿಮ್ಮ ಧ್ವನಿ ಎಲ್ಲೋ ಕೇಳಿದ ಹಾಗಿದೆಯಲ್ಲ…" ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅವಳಿಗೆ ಗೊತ್ತಾಯಿತು. ಬಗ್ಗಿ, ಸರಿಯಾಗಿಯೇ ಇದ್ದ ತಡೆಹಗ್ಗವನ್ನು ಮತ್ತೆ ಸರಿಮಾಡುತ್ತ ನಿಂತಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ ಎನ್ನುತ್ತಾರಲ್ಲ, ಅಲ್ಲಿನ ನೆಲ ಕಲ್ಲಿನದು.

ಗೋಡೌನಿಗೆ ಹೋಗಲಿಲ್ಲ. ನೇರ ಆಫೀಸಿಗೆ ಬಂದು ಬೀಗಗಳ ಕೋಣೆಯ ಪೂರ್ತಿ ಚಿತ್ರೀಕರಣ ತೆಗೆದೆ. ಯಾಕೆ ತೆಗೆದೆನೋ ಗೊತ್ತಿಲ್ಲ. ಬಹುಶಃ ಭಾವ ನಿಜಕ್ಕೂ ತಪ್ಪು ಮಾಡಿದ್ದರು ಎಂದು ಇನ್ನೊಮ್ಮೆ ಖಚಿತ ಮಾಡಿಕೊಳ್ಳಬೇಕಿತ್ತು.

ಈ ಸಲ ಇಡೀ ಚೌಕಟ್ಟು ನೋಡಿದೆ. ಭಾವ ಯಂತ್ರವನ್ನು ತಿರುಗಿಸಿದಾಗ ಅದರ ಬುಡದಲ್ಲಿ ಒಂದು ಕೆಂಪು ಚುಕ್ಕಿ ಎರಡು ಸಲ ಮಿಣುಕಿ ಆರಿಹೋಯಿತು. ಬ್ಯಾಟರಿ ಸತ್ತಿತ್ತು. ಯಂತ್ರದ ಪುಟ್ಟ ಪರದೆ ಪೂರ್ತಿ ಕಪ್ಪು. ಅದರಲ್ಲಿ ಓದಲು ಯಾವ ಸೂಚನೆಯೂ ಇರಲಿಲ್ಲ. ಭಾವ ಊದಿದ್ದು ಚಾರ್ಜ್ ಆಗುವ ಜಾಗದ ಹಿತ್ತಾಳೆ ಕಡ್ಡಿಗಳಿಗೆ, ಬೀಗದ ಕಿಂಡಿಯ ಧೂಳನ್ನು ಊದುವ ಹಾಗೆ. ನಾನು ಕತ್ತರಿಸಿದ ಜಾಗದಿಂದ ಮುಂದೆ, ಅವರು ಅಲ್ಲಿ ಹಾದುಹೋಗುತ್ತಿದ್ದ ಕಾವಲುಗಾರನನ್ನು ಕರೆದು, "ನೋಡಪ್ಪಾ, ಇದನ್ನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಸರಿಯಾಗಿ ಕೂರಿಸಿಲ್ಲ. ಕಡ್ಡಿ ಮೇಲೆ ಧೂಳು ಕೂತಿದೆ, ಚಾರ್ಜ್ ಹತ್ತಿಲ್ಲ. ಮಿಕ್ಕಿದ್ದನ್ನೂ ಒಂದ್ಸಲ ನೋಡೋಕೆ ಹೇಳು" ಎನ್ನುತ್ತಾರೆ. ಯಂತ್ರವನ್ನು ಅವನ ಕೈಗೆ ಕೊಟ್ಟು ಅಜ್ಜಿಯ ಮೊಣಕೈ ಹಿಡಿದು, "ಗಿಳಿ ಮಲಗಿರಲಿ ಬಿಡಿ ತಾಯಿ, ನಾನೇ ಹೇಳ್ತೀನಿ" ಎಂದು ಗೋಡೆಯ ಬೀಗದ ಹತ್ತಿರ ಕರೆದೊಯ್ಯುತ್ತಾರೆ. ಅಜ್ಜಿ ಹನ್ನೊಂದು ನಿಮಿಷ ಅಲ್ಲಿಂದ ಕದಲುವುದಿಲ್ಲ. ಎರಡು ಸಲ ಗಟ್ಟಿಯಾಗಿ ನಗುತ್ತಾಳೆ.

ಅವರಿಗೆ ಯಂತ್ರ ಅರ್ಥವಾಗಿತ್ತು. ಅರ್ಥವಾಗದಿದ್ದದ್ದು ನನಗೆ. ಮೂವತ್ತೈದು ಜನಕ್ಕೆ ನಾನು ಕಲಿಸಿದ್ದು ತಪ್ಪು ಪಾಠ, ಸರಿಯಾದದ್ದನ್ನು ಮಾಡಿದವರ ಮೇಲೆ ಕೆಂಪು ಗುರುತು ಎಳೆದು.

ಭಾನುವಾರ ಮಧ್ಯಾಹ್ನ ಅಕ್ಕನ ಮನೆಗೆ ಹೋದೆ. ಬಾಗಿಲು ತೆರೆದವಳು ದಾರಿ ಬಿಡಲಿಲ್ಲ. ಬ್ಯಾಗಿನ ಕೌಂಟರಿನ ಹೆಂಗಸು ಅಂಗಡಿಯಲ್ಲಿ ಸಿಕ್ಕಿ ವಿಡಿಯೊದ ಕಥೆಯೆಲ್ಲ ಹೇಳಿದ್ದಳಂತೆ. ಅದನ್ನು ಮಾಡಿದವನು ಅಕ್ಕನ ತಮ್ಮನೇ ಎಂದು ಅವಳಿಗೆ ಗೊತ್ತಿರಲಿಲ್ಲ, ಅಕ್ಕನಿಗೆ ಗೊತ್ತಿತ್ತು.

"ಬಂದ್ಯಾ? ಯಾರು ನೀನು?" ಎಂದಳು.

"ಅಕ್ಕಾ…"

"ಉಂಡ ಮನೆ ಜಂತೆ ಎಣಿಸೋರನ್ನ ನೋಡಿದ್ದೆ. ನೀನು ಜಂತೇನೇ ಕಿತ್ತುಕೊಂಡು ಹೋಗಿ ಸಂತೇಲಿ ತೋರಿಸಿದೆಯಲ್ಲೋ! ನೀನು ಬರ್ತೀಯ ಅಂತ ಅವತ್ತು ಯೂನಿಫಾರ್ಮಿಗೆ ಎರಡು ಸಲ ಇಸ್ತ್ರಿ ಮಾಡಿಸಿಕೊಂಡ್ರು ಆ ಮನುಷ್ಯ. ಒಂದು ಸಲ ಮಾಡಿದ್ದು ಸಾಲದು ಅಂತ."

ಒಳಗಿನಿಂದ ಭಾವ, "ಅವನನ್ನ ಬಾಗಿಲಲ್ಲೇ ನಿಲ್ಲಿಸಿ ಬೈಬೇಡ ಮಾರಾಯ್ತಿ. ಒಳಗೆ ಕೂರಿಸಿ ಬೈ" ಎಂದರು.

ಅವರು ಕಿಟಕಿಯ ಬೆಳಕಿಗೆ ಕೂತು ಪಕ್ಕದ ಮನೆಯವರ ಟ್ರಂಕಿನ ಬೀಗ ಬಿಚ್ಚಿಕೊಂಡಿದ್ದರು. ಹಳೆಯ ಪತ್ರಿಕೆಯ ಮೇಲೆ ಸ್ಪ್ರಿಂಗು, ಕಡ್ಡಿ, ತಿರುಪು ಸಾಲಾಗಿ ಇದ್ದವು. ನಾನು ಎದುರಿಗೆ ನೆಲದ ಮೇಲೆ ಕೂತೆ.

"ತಪ್ಪಾಯ್ತು ಭಾವ."

"ಯಾವುದು?"

"ವಿಡಿಯೊ. ಯಂತ್ರದಲ್ಲಿ ಚಾರ್ಜ್ ಇರಲಿಲ್ಲ. ನೀವು ಮಾಡಿದ್ದೇ ಸರಿ. ನಾನು ಪೂರ್ತಿ ನೋಡದೆ…"

"ವಿಡಿಯೊಗೆ ನಾನೂ ನಕ್ಕೆ ಕಣಪ್ಪಾ. ಅಷ್ಟು ವಯಸ್ಸಾದವನು ಡಬ್ಬಿ ಊದ್ತಾ ನಿಂತಿದ್ರೆ ಯಾರಿಗೆ ನಗು ಬರಲ್ಲ?" ಒಂದು ಸ್ಪ್ರಿಂಗನ್ನು ಬೆಳಕಿಗೆ ಹಿಡಿದು ನೋಡಿದರು. "ಅದೊಂದೇ ಆಗಿದ್ರೆ ಒಂದು ವಾರದಲ್ಲಿ ಮರೆತುಹೋಗ್ತಿತ್ತು. ಅವತ್ತು ಮೊದಲನೇ ದಿನ ಮೇಡಂ ಜೊತೆ ಬಂದೆಯಲ್ಲ, ಬರ್ತಾ ಏನೋ ಹೇಳ್ತಿದ್ದೆ, ಕೋತಿ ಮಾಣಿಕ್ಯ ಅಂತ. ಕೇಳಿಸ್ತು. ಅದೂ ಹೋಗಲಿ, ದೊಡ್ಡವರ ಜೊತೆ ನಡೆಯುವಾಗ ಮನುಷ್ಯ ಏನೇನೋ ಆಡ್ತಾನೆ. ಆದ್ರೆ ನಾನು ಎದ್ದು ನಿಂತಾಗ ನಿನ್ನ ಮುಖ ನೋಡಿದೆ. ಹೆದರಿಬಿಟ್ಟಿದ್ದೆ ನೀನು. ನನ್ನ ಕಂಡು. ನಾನು ಯಾವತ್ತೂ ನಿನ್ನ ಹೆದರಿಸಿದವನಲ್ಲವಲ್ಲೋ."

ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೆರಗಿನಿಂದ ಮೂಗು ಒರೆಸಿಕೊಂಡಳು. ನಾನು, "ಎಲ್ಲರ ಮುಂದೆ ಸರಿ ಮಾಡ್ತೀನಿ" ಎಂದೆ.

"ನಿನಗೆ ಬೇಕಾದ್ರೆ ಮಾಡು. ನನ್ನ ಮಾತ್ರ ಕರೀಬೇಡ. ಒಂದ್ಸಲ ಆ ಪರದೆ ಮೇಲೆ ಬಂದಿದ್ದು ಸಾಕು."

ಮೇಡಂಗೆ ಹೇಳುವುದು ಸುಲಭವಾಗಲಿಲ್ಲ. ಮೂರನೇ ವಿಡಿಯೊ ತಪ್ಪು, ಹೊಸದು ಮಾಡಿದ್ದೇನೆ, ತೋರಿಸಲು ಅವಕಾಶ ಬೇಕು ಎಂದೆ. ತಾಂತ್ರಿಕ ದೋಷವೇ ಎಂದು ಕೇಳಿದರು. ಹೂಂ ಎಂದುಬಿಟ್ಟರೆ ಮುಗಿಯುತ್ತಿತ್ತು, ನಾಲಿಗೆಯ ತುದಿಗೂ ಬಂದಿತ್ತು. "ಅಲ್ಲ ಮೇಡಂ. ಬೀಗಗಳ ಕೋಣೆಯಲ್ಲಿದ್ದವರು ನನ್ನ ಭಾವ, ನನ್ನನ್ನ ಸಾಕಿದವರು" ಎಂದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. ಕುಂಬಾರಿಕೆಯ ಕೋಣೆಯ ನಗು ಅವರಿಗೂ ನೆನಪಾಗಿರಬೇಕು. "ಮೊದಲೇ ಹೇಳಬಹುದಿತ್ತಲ್ಲ" ಎಂದಷ್ಟೇ ಹೇಳಿ ದಿನಾಂಕ ಕೊಟ್ಟರು.

ಮತ್ತೆ ರಜೆಯ ದಿನ, ಅದೇ ಹಾಲು. ಹೊಸ ವಿಡಿಯೊದಲ್ಲಿ ಭಾವ ಇರಲಿಲ್ಲ. ಗಿಳಿ ಮಾತಾಡದಿದ್ದರೆ ಮೊದಲು ಕೆಂಪು ಚುಕ್ಕಿ ನೋಡಿ, ಚಾರ್ಜ್ ಕಡ್ಡಿಯ ಧೂಳು ತೆಗೆಯಿರಿ, ಅದಾಗದಿದ್ದರೆ ಯಂತ್ರ ಬಿಟ್ಟು ನೀವೇ ನಾಲ್ಕು ಮಾತು ಹೇಳಿ ಎಂದು ತೋರಿಸಿದ್ದೆ. ಅದು ಮುಗಿದ ಮೇಲೆ ಎದ್ದು ನಿಂತು, ಹಳೆಯ ತುಣುಕನ್ನು ಕತ್ತರಿಸಿದವನು ನಾನು, ಅದರಲ್ಲಿ ತಪ್ಪು ಮಾಡಿದವರು ಯಾರೂ ಇರಲಿಲ್ಲ, ಅವರು ನನ್ನ ಭಾವ, ಅದನ್ನು ಇಲ್ಲಿ ಮುಚ್ಚಿಟ್ಟೆ ಎಂದೆ. ದಿನವೂ ಮೈಕಿನ ಮುಂದೆ ಕೂರುವವನ ಧ್ವನಿ ಕೀರಲಾಗಿತ್ತು. ಯಾರೂ ಚಪ್ಪಾಳೆ ತಟ್ಟಲಿಲ್ಲ, ಬೈಯಲೂ ಇಲ್ಲ. ಬೆಂಚು ಬಡಿದಿದ್ದ ಕಾವಲುಗಾರ ತನ್ನ ಬೂಟಿನ ಲೇಸು ನೋಡುತ್ತಿದ್ದ. ಹೊರಗೆ ಹೋಗುವಾಗ ಬ್ಯಾಗಿನ ಕೌಂಟರಿನ ಹೆಂಗಸು ನನ್ನ ಹತ್ತಿರ ನಿಂತು, "ನೀವು ತೋರಿಸಿದ್ರಿ, ನಾವು ಕೂಗಿದ್ವಿ. ಯಾರನ್ನ ಅನ್ನೋಣ" ಎಂದು ಹೋದಳು.

ಆಮೇಲೆ ಗೋಡೌನಿಗೆ ಹೋದೆ. ಕಟ್ಟಡದ ಬೆನ್ನಿಗೆ ಅಂಟಿಕೊಂಡ, ತಗಡಿನ ಬಾಗಿಲಿನ ಉದ್ದನೆಯ ಕೋಣೆ. ಮರದ ಪೆಟ್ಟಿಗೆಗಳು, ಹುಲ್ಲಿನ ವಾಸನೆ. ಭಾವ ಒಂದು ಮಣ್ಣಿನ ಹೂಜಿಗೆ ಬಟ್ಟೆ ಸುತ್ತುತ್ತಿದ್ದರು.

"ಆಯ್ತಾ?" ಎಂದರು.

"ಆಯ್ತು."

"ಎಷ್ಟು ಜನ ಬಂದಿದ್ರು?"

"ಎಲ್ಲರೂ."

"ನಕ್ಕರಾ?"

"ಇಲ್ಲ ಭಾವ."

"ಛೆ, ರಜೆ ದಿನ ಕರೆಸಿ ಒಬ್ಬರನ್ನೂ ನಗಿಸದೆ ಕಳಿಸಿದೆಯಲ್ಲೋ" ಎಂದು ದಾರ ಕಚ್ಚಿ ತುಂಡು ಮಾಡಿದರು.

"ನೀವು ಬೀಗಗಳ ಕೋಣೆಗೇ ವಾಪಸ್ ಹೋಗಿ ಭಾವ, ಮೇಡಂ ಒಪ್ಪಿದ್ದಾರೆ" ಎಂದೆ. ಅವರು ಬೇಡವೆಂದು ತಲೆಯಾಡಿಸಿದರು. "ಆ ಹುಡುಗಿ ಚೆನ್ನಾಗಿ ಹೇಳ್ತಾಳೆ. ನಾನೇ ಕಲಿಸಿದೀನಿ, ಊಟದ ಹೊತ್ತಲ್ಲಿ ಬಂದು ಕೇಳಿಕೊಂಡು ಹೋಗ್ತಾಳೆ. ನನಗೆ ಇಲ್ಲೇ ಹಾಯಾಗಿದೆ. ಇಲ್ಲಿ ಯಾರೂ ಬರಲ್ಲ."

ಹಾಯಾಗಿರುವುದು ನಿಜವೋ, ನಾನು ಹಗುರವಾಗಿ ಮನೆಗೆ ಹೋಗಲಿ ಎಂದು ಆಡಿದ ಮಾತೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹದಿನಾಲ್ಕು ವರ್ಷ ಬಂದವರಿಗೆಲ್ಲ ಕಥೆ ಹೇಳಿದವರು 'ಇಲ್ಲಿ ಯಾರೂ ಬರಲ್ಲ' ಎಂದು ಸುಖವಾಗಿ ಹೇಳಬಲ್ಲರೇ? ಕೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಪೆಟ್ಟಿಗೆಯ ಇನ್ನೊಂದು ತುದಿ ತೋರಿಸಿ, "ಸುಮ್ಮನೆ ನಿಂತಿದ್ದೀಯಲ್ಲ, ಆ ಕಡೆ ಹಿಡಿ. ಬಗ್ಗುವಾಗ ಮಂಡಿ ಬಗ್ಗಿಸು, ಸೊಂಟ ಅಲ್ಲ" ಎಂದರು. ಹಿಡಿದೆ. ಇಬ್ಬರೂ ಎತ್ತಿ ಮೂಲೆಯ ಕಪಾಟಿನವರೆಗೆ ಒಯ್ದೆವು. ಅಂಥವು ಇನ್ನೂ ಆರಿದ್ದವು. ಎಲ್ಲ ಮುಗಿಯುವವರೆಗೆ ನಾನು ತಲೆ ಎತ್ತಿ ಅವರ ಮುಖ ನೋಡಲಿಲ್ಲ.